ಬಾರಿಕಂಟಿಯ ನೀಲಿ ಪಾತರಗಿತ್ತಿ

ನನ್ನ ತಂಗಿಗೆ ಇಪ್ಪತ್ತು ವರ್ಷ. ಹೃದಯ ಸೋತಿದೆ ಎಂದು ಡಾಕ್ಟರು ಹೇಳಿದ ಮೇಲೆ ಶಿಗ್ಗಾಂವದ ಕಾಲೇಜು ಬಿಡಿಸಿ ದುಂಡಸಿಯ ಮನೆಯಲ್ಲಿ ಕೂರಿಸಿದ್ದೆವು. ಕೂತಲ್ಲಿ ಕೂರುವ ಪೈಕಿ ಅವಳಲ್ಲ. ಮನೆಯ ಹಿಂದೆಯೇ ನಮ್ಮ ಹೊಲ. ಅದರ ಬದುವಿನ ಮೇಲೊಂದು ಬಾರಿಕಂಟಿ, ಬೋರೆಹಣ್ಣಿನ ಮುಳ್ಳುಪೊದೆ. ದಿನಾ ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕೂತುಬಿಡುತ್ತಿದ್ದಳು.

ಅಲ್ಲಿಗೊಂದು ಪಾತರಗಿತ್ತಿ ಬರುತ್ತಿತ್ತು. ಹೆಬ್ಬೆರಳಿನ ಉಗುರಿನಷ್ಟು. ರೆಕ್ಕೆ ಮುಚ್ಚಿದರೆ ಬಿಳಿಯ ಮೇಲೆ ಕಪ್ಪು ಪಟ್ಟೆ, ತೆರೆದರೆ ಒಳಗೆ ಅಚ್ಚ ನೀಲಿ. ಆದರೆ ತೆರೆಯುವುದೇ ಅಪರೂಪ.

"ಇದು ಅಡವ್ಯಾಗಿಂದು ಅಕ್ಕಾ. ಹಾನಗಲ್ ಕಡಿಂದ ಬಂದಿರಬೇಕು," ಎಂದಳು, ಫೋನಿನಲ್ಲಿ ಚಿತ್ರ ಹೋಲಿಸಿ ನೋಡುತ್ತ. "ತತ್ತಿ ಇಡಾಕ ಬಾರಿ ಎಲಿನ ಬೇಕಂತ ಇದಕ್ಕ."

"ಹಂಗಾರ ಬಾಣಂತನ ನೀನ ಮಾಡು," ಎಂದೆ. ನಕ್ಕಳು. ನಕ್ಕರೂ ಏದುಸಿರು ಬರುತ್ತಿತ್ತು.

ಬಾಣಂತನವನ್ನು ಮಾಡಿಯೂ ಮಾಡಿದಳು ಮಹಾರಾಯ್ತಿ! ಎಲೆಯಲ್ಲಿ ಹಸಿರು ಹುಳು ಕಂಡಿತು. ಕೆಲದಿನಕ್ಕೆ ಅದೇ ಹುಳು ಕಡಲೆಕಾಳಿನಷ್ಟು ಗೂಡಾಗಿ ಅಂಟಿಕೊಂಡಿತು. ಅದರಿಂದ ಪಾತರಗಿತ್ತಿ ಹೊರಬಂದು ಮೊದಲ ಸಲ ರೆಕ್ಕೆ ತೆರೆಯುವುದನ್ನು ನೋಡಲೇಬೇಕೆಂದು ಹಟ ಹಿಡಿದಳು.

ಮೇವಿನ ಬಣವೆಗೆ ದನ ಬಾಯಿ ಹಾಕಬಾರದೆಂದು ಅಪ್ಪ ಪ್ರತಿವರ್ಷ ಆ ಕಂಟಿ ಕಡಿದು ಬೇಲಿ ಹಾಕುತ್ತಿದ್ದ. ಈ ಸಲ ಕೊಡಲಿ ಹಿಡಿದು ಬಂದಾಗ ಅವಳು ಅಡ್ಡ ನಿಂತಳು.

"ಅಪ್ಪಾ, ಅದು ಹೊರಗ ಬರೂತನಕ ಕಡೀಬ್ಯಾಡ. ಆಣಿ ಮಾಡು."

"ಆತವ್ವಾ, ಮುಟ್ಟಂಗಿಲ್ಲ."

ಗೂಡು ಒಡೆಯುವ ಮೊದಲೇ ತಂಗಿ ಹೋಗಿಬಿಟ್ಟಳು. ಬೆಳಿಗ್ಗೆ ಚಹಾ ಕುಡಿಯುತ್ತಿದ್ದವಳು ಗೋಡೆಗೆ ಒರಗಿದಳು, ಅಷ್ಟೇ. ಹೊಲದ ಮೂಲೆಯಲ್ಲಿ ಮಣ್ಣು ಮಾಡಿದೆವು.

ನಾಯಿ ನರಿ ಕೆದರಬಾರದೆಂದು ನಮ್ಮಲ್ಲಿ ಹಸಿ ಮಣ್ಣಿನ ಮೇಲೆ ಮುಳ್ಳು ಹೇರುತ್ತಾರೆ. ಅಪ್ಪ ಹೇರಿದ್ದು ಅದೇ ಬಾರಿಕಂಟಿಯನ್ನು. ನಾನು ಅವನ ಎದುರಿಗೇ ಹೋಗಿ ನಿಂತೆ.

"ಊರ ತುಂಬ ಜಾಲಿ ಐತಿ. ಅದ ಕಂಟಿನ ಬೇಕಾಗಿತ್ತೇನು ನಿನಗ? ಸತ್ತೋರಿಗೆ ಕೊಟ್ಟ ಮಾತಿಗೆ ಬೆಲಿ ಇಲ್ಲೇನು?"

"ಆಕಿದು ಆಕಿ ಹತ್ರನ ಇರ್ಲಿ ಅಂತ..." ಅಪ್ಪ ಟವೆಲ್ಲನ್ನು ಬಾಯಿಗೆ ಒತ್ತಿ ಹಿಡಿದು ಅತ್ತ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಎರಡು ದಿನ ಅವನ ಜೊತೆ ಮಾತಾಡಲಿಲ್ಲ.

ಮೂರನೆಯ ದಿನ ಅಪ್ಪ, ಅವ್ವ, ನಾನು ಹಾಲು-ತುಪ್ಪ ಬಿಡಲು ಹೋದೆವು. ಮುಳ್ಳಿನ ನಡುವೆ ಎಲೆಗಳೆಲ್ಲ ಮುದುಡಿದ್ದವು. ಕೈ ತರಚಿದರೂ ಬಿಡದೆ ಆ ಗೂಡನ್ನು ಹುಡುಕಿದೆ. ಸೀಳಿಕೊಂಡು ಬರಿದಾಗಿತ್ತು. ಪಕ್ಕದ ಮುಳ್ಳಿಗೆ ಜೋತುಬಿದ್ದು ಹಸಿ ಹಸಿ ಪಾತರಗಿತ್ತಿ. ಬಿಸಿಲು ಏರಿದಂತೆ ಮೆಲ್ಲಗೆ ರೆಕ್ಕೆ ಅಗಲಿಸಿತು. ಅಯ್ಯೋ, ಎಂಥ ನೀಲಿ!

"ಏ ತಂಗೀ, ಲಗೂ ಬಾರ! ತೆರಿಯಾಕತ್ತೈತಿ!"

ಮನೆಯ ಕಡೆ ತಿರುಗಿ ಕೂಗಿಬಿಟ್ಟಿದ್ದೆ. ಅವ್ವ ಓಡಿಬಂದು ನನ್ನ ಬಾಯಿ ಮುಚ್ಚಿದಳು. ಹಾಲಿನ ತಂಬಿಗೆ ಹಿಡಿದು ನಿಂತಿದ್ದ ಅಪ್ಪ ಮಾತ್ರ, ತಂಗಿ ಬರುವಳೇನೋ ಎಂದು, ತಿರುಗಿ ದಾರಿ ನೋಡಿದ.