ಕುದಿಯುವ ಕಾರಿನಲ್ಲಿ ಮದುವಣಗಿತ್ತಿ

ಮಧುಗಿರಿ ಪೇಟೆಯಲ್ಲಿ ಸಿಕ್ಕವರು ನನ್ನ ಆರೋಗ್ಯ ವಿಚಾರಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. “ಇವತ್ತು ಕುದೀತಾ ಸಾರ್?” ಎಂದು ಕೇಳುತ್ತಾರೆ. ಕೇಳುವುದು ನನ್ನ ಕಾರಿನ ವಿಚಾರ. ಬೇಜಾರೇನಿಲ್ಲ, ನಾನೂ ಬೆಳಿಗ್ಗೆ ಎದ್ದು ಮೊದಲು ಯೋಚಿಸುವುದು ಅದನ್ನೇ.

ಕಾರು ಹಳೆಯದು, ವಿದೇಶದ್ದು, ಇಬ್ಬರಿಗಷ್ಟೇ ಸೀಟಿರುವ ಕೆಂಪು ಸ್ಪೋರ್ಟ್ಸ್ ಕಾರು. ಅದನ್ನು ಕಟ್ಟಿದ ಪುಣ್ಯಾತ್ಮರ ಊರಿನಲ್ಲಿ ವರ್ಷವೆಲ್ಲ ಮೋಡವಂತೆ. ತಮ್ಮ ಕೂಸು ಒಂದು ದಿನ ನಮ್ಮೂರಿಗೆ ಬಂದು ಕಾದ ಏಕಶಿಲಾ ಬೆಟ್ಟದ ಬುಡದಲ್ಲಿ ನಿಲ್ಲುತ್ತದೆಂದು ಅವರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಕೊರಟಗೆರೆ ಕಡೆ ಹೊರಟರೆ ಅದು ಹೇಗೋ ಸುಧಾರಿಸಿಕೊಂಡು ಹೋಗುತ್ತದೆ. ಬಿಸಿಲನ್ನೇ ಬೆಳೆಯಾಗಿ ಕೊಯ್ಯುವ ಪಾವಗಡದ ಕಡೆ ಮೂತಿ ತಿರುಗಿಸಿದರೆ ಮಾತ್ರ ಮಿಡಿಗೇಶಿ ದಾಟುವುದರೊಳಗೆ ಆವಿ ಬಿಡುತ್ತದೆ.

ಈ ಕುದಿತದ ಶಾಸ್ತ್ರದಲ್ಲಿ ನಾನೀಗ ಅರ್ಧ ಪಂಡಿತ. ರೇಡಿಯೇಟರು ತೊಳೆಸಿದ್ದೇನೆ, ಥರ್ಮೋಸ್ಟಾಟ್ ಬದಲಿಸಿದ್ದೇನೆ, ಕರೆಂಟಿನ ಫ್ಯಾನು ಕೂರಿಸಿದ್ದೇನೆ. ಯಾರಾದರೂ ಜಾತಕದ ಮಾತೆತ್ತಿದರೆ ನಾನು ವಾಟರ್ ಪಂಪಿನ ಮಾತೆತ್ತುತ್ತೇನೆ. ಅವರು ಎದ್ದು ಹೋಗುತ್ತಾರೆ. ಇಷ್ಟೆಲ್ಲ ಓದಿ, ಕೈ ಸುಟ್ಟುಕೊಂಡು ಕಲಿತದ್ದರ ಸಾರ ಇಷ್ಟೇ: ಮುಂದಿನ ಜಾಲರಿಯಿಂದ ಗಾಳಿ ಒಳಗೆ ಹೋಗಬೇಕು. ಅದೊಂದಿಲ್ಲದಿದ್ದರೆ ಮಿಕ್ಕ ಚಿಕಿತ್ಸೆಯೆಲ್ಲ ದಂಡ.

ಇಷ್ಟು ಗೊತ್ತಿದ್ದವನು ಅಕ್ಕನ ಮಗಳು ಸುಮಳ ಮದುವೆಯ ದಿನ ಬಾಯಿ ಮುಚ್ಚಿಕೊಂಡು ನಿಂತೆ. ಹೆಣ್ಣನ್ನು ಮಂಟಪಕ್ಕೆ ಕರೆತರುವುದು ನಮ್ಮಲ್ಲಿ ಸೋದರಮಾವನ ಹಕ್ಕು. ನನ್ನ ಮದುವೆಗೆ ಈ ಕಾರಲ್ಲೇ ಕರೆದುಕೊಂಡು ಹೋಗಬೇಕು ಎಂದು ಸುಮ ಲಂಗ ಹಾಕುವ ಕಾಲದಲ್ಲೇ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಛತ್ರ ಶಿರಾದಲ್ಲಿ. ಹಿಂದಿನ ರಾತ್ರಿ ಅದು ಬೇರೆಯವರಿಗೆ ಬುಕ್ ಆಗಿದ್ದರಿಂದ ಬೆಳಿಗ್ಗೆ ಮನೆಯಲ್ಲೇ ಸಿಂಗಾರ ಮಾಡಿಕೊಂಡು ಹೊರಡಬೇಕಿತ್ತು. ಮುಹೂರ್ತ ನಡುಹಗಲಿಗೆ. ಹೊರಡುವಾಗ ನೋಡುತ್ತೇನೆ, ಅಕ್ಕ ತೋಳುದಪ್ಪದ ಸೇವಂತಿಗೆ ಹಾರಗಳನ್ನು ಜಾಲರಿಯ ಒಂದು ಸಂದೂ ಕಾಣದ ಹಾಗೆ ಬಿಗಿದಿದ್ದಾಳೆ.

“ಅಕ್ಕಾ, ಒಂಚೂರು ಸಡ್ಲ ಮಾಡಿದ್ರೆ...” ಎಂದೆ.

“ಸುಮ್ಕಿರ್ಲಾ. ಇರೋಳೊಬ್ಳು ಮಗಳು. ಬೋಳು ಕಾರಲ್ಲಿ ಕಳಿಸ್ಲಾ?”

ಅಕ್ಕನ ಮುಂದೆ ಭೌತಶಾಸ್ತ್ರ ನಡೆಯುವುದಿಲ್ಲ. ಸುಮಳನ್ನು ಕೂರಿಸಿಕೊಂಡು ಹೊರಟೆ. ಬಡವನಹಳ್ಳಿ ಹತ್ತಿರ ಬರುವಷ್ಟರಲ್ಲಿ ಮೀಟರಿನ ಮುಳ್ಳು ಕೆಂಪು ಮುಟ್ಟಿತು. ಹೀಟರು ಹಾಕಿದೆ. ಎಂಜಿನ್ನಿನ ಬಿಸಿಯಲ್ಲಿ ಒಂದು ಪಾಲನ್ನು ಕೂತವರ ಕಾಲಿಗೆ ಹಂಚುವ ಹಳೆಯ ಉಪಾಯ ಅದು. ಏಪ್ರಿಲ್ ಬಿಸಿಲು, ರೇಷ್ಮೆ ಸೀರೆ, ಸಾಲದ್ದಕ್ಕೆ ಹೀಟರು. ಅದಕ್ಕೂ ಬಗ್ಗದೆ ಬಾನೆಟ್ಟಿನಿಂದ ಆವಿ ಬುಸ್ಸೆಂದಿತು. ಹುಣಸೆಮರದ ನೆರಳಿಗೆ ನಿಲ್ಲಿಸಿದೆ.

ಹಿಂದೆಯೇ ಬಂದ ನೆಂಟರ ವ್ಯಾನಿನಿಂದ ಅಕ್ಕ ಇಳಿದಳು. “ಸುಮಾ, ವ್ಯಾನ್ ಹತ್ತು. ಮುಹೂರ್ತ ತಪ್ಪೋದ್ರೆ ಹೆಂಗೆ?”

“ಮಾವನ ಜತೇಲೇ ಬತ್ತೀನಿ ಕಣಮ್ಮ,” ಎಂದಳು ಸುಮ, ಸೀಟಿನಿಂದ ಅಲ್ಲಾಡದೆ.

ಅಕ್ಕ ನನ್ನ ಕಡೆ ತಿರುಗಿದಳು. “ಏನಾಗೈತ್ಲಾ ಇದ್ಕೆ?”

“ಹೂವು ಅಕ್ಕ. ಉಸಿರಾಡಕ್ಕೆ ಜಾಗ ಇಲ್ಲ ಅದಕ್ಕೆ.”

ನೆಂಟರೆಲ್ಲ ಬೇರೆ ದಿಕ್ಕಿಗೆ ನೋಡತೊಡಗಿದರು. ಮದುವಣಗಿತ್ತಿಯ ಕಾರಿನ ಹೂವನ್ನು ನಡುದಾರಿಯಲ್ಲಿ ತೆಗೆಯಲು ಯಾರ ಕೈ ಬರುತ್ತದೆ? ನನ್ನ ಕೈಯಂತೂ ಬರಲಿಲ್ಲ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರಿನ ಮುಂದೆ ಬಗ್ಗಿದಳು. “ಹೆತ್ತೋಳು ಕಟ್ಟಿದ್ದು. ಹೆತ್ತೋಳೇ ಬಿಚ್ಚಿದ್ರೆ ದೋಸ ಇಲ್ಲ ಬುಡು,” ಎಂದು ಒಂದು ದಾರವನ್ನೂ ಹರಿಯದೆ ಗಂಟು ಬಿಚ್ಚಿ, ಅಷ್ಟೂ ಹೂವನ್ನು ಹಿಂದಿನ ಡಿಕ್ಕಿಗೆ ಸುತ್ತಿದಳು. ಅಂಥ ಶಾಸ್ತ್ರ ಯಾವ ಪುರೋಹಿತರಿಗೂ ಗೊತ್ತಿರಲಾರದು. ನನಗೆ ಅಕ್ಕನ ಕಾಲಿಗೆ ಬೀಳಬೇಕೆನಿಸಿತು.

ಒಬ್ಬರು ತಣ್ಣೀರು ಸುರಿಯಲು ಓಡಿಬಂದರು. ಕಾದ ಎಂಜಿನ್ನು ಸೀಳುತ್ತದೆಂದು ತಡೆದೆ. ಅದು ತಾನಾಗಿ ಆರಿದ ಮೇಲೆ ನೀರು ತುಂಬಿ, ನಿಧಾನವಾಗಿ ಓಡಿಸಿಕೊಂಡು ಛತ್ರ ಮುಟ್ಟಿದೆವು. ವಾಲಗದವರು ಬಾಗಿಲಲ್ಲೇ ಕಾಯುತ್ತಿದ್ದರು. “ಹೆಣ್ಣನ್ನ ಕರ್ಕೊಂಡು ಬನ್ನಿ” ಎಂದು ಪುರೋಹಿತರು ಒಳಗಿಂದ ಕೂಗಿದರು. ನಾನೋ, ಇಂಥ ಎಂಜಿನ್ನನ್ನು ಬಂದ ತಕ್ಷಣ ಆರಿಸಬಾರದು, ಫ್ಯಾನಿನ ಗಾಳಿಗೆ ಸ್ವಲ್ಪ ಬಿಡಬೇಕು ಎಂದು ಕೂತೇ ಇದ್ದೆ.

“ಬಾ ಮಾವ,” ಎಂದು ಸುಮ ಕೈ ಚಾಚಿದಳು.

ಹಿಡಿದವನು ಬೆಚ್ಚಿದೆ. ಆ ಬಿಸಿಲಿನಲ್ಲಿ, ಆ ಹೀಟರಿನ ಪಕ್ಕದಲ್ಲಿ, ಹುಡುಗಿಯ ಕೈ ತಣ್ಣಗೆ ಕೊರೆಯುತ್ತಿತ್ತು.

“ಹೆದ್ರಿಕೆ ಆಗ್ತಿದೆಯೇನಮ್ಮ?”

ಹೌದೆಂದು ತಲೆಯಾಡಿಸಿದಳು.

“ದಾರೀಲಿ ಹೇಳ್ಬಾರ್ದಾಗಿತ್ತಾ?”

“ನೀನು ಕಾರಿನ ಚಿಂತೇಲಿದ್ದೆ ಮಾವ.”

ಕೀಲಿ ತಿರುಗಿಸಿ ಎಂಜಿನ್ನು ಆರಿಸಿದೆ. ಪುರೋಹಿತರು ಮತ್ತೆ ಕೂಗಿದರು. ಒಂದು ನಿಮಿಷ ತಡೆಯಿರಿ ಎಂದು ನಾನೂ ಕೂಗಿ ಹೇಳಿ, ಅವಳ ಕೈಯನ್ನು ನನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡು ಕೂತೆ. ಅದು ಬೆಚ್ಚಗಾದ ಮೇಲೆಯೇ ನಾವಿಬ್ಬರೂ ಇಳಿದದ್ದು.