ಆ ಎರಡು ಸಾಲು ನಾನೇ ಬರೆದದ್ದು

“ಸಾರ್, ಈ ಅಕ್ಷರ ನಿಮ್ದೇನಾ ನೋಡಿ.”

ಕಾಫಿ ಲೋಟ ಇನ್ನೂ ತುಟಿಗೆ ಮುಟ್ಟಿರಲಿಲ್ಲ. ಸುಜಾತ ಎಂಬ ಹೆಣ್ಣುಮಗಳು ನನ್ನ ಮುಂದೆ ಒಂದು ಜೆರಾಕ್ಸ್ ಹಾಳೆ ಇಟ್ಟಳು. ಮಸುಕಾಗಿತ್ತು, ಆದರೆ ಗುರುತು ಸಿಗದಷ್ಟು ಮಸುಕಾಗಿರಲಿಲ್ಲ. ಬಲಕ್ಕೆ ವಾಲಿದ ಅಕ್ಷರ, ಪುಟದ ಮೂಲೆಯಲ್ಲಿ ಹೆಸರಿನ ಮೇಲೆ ಒಂದು ಪುಟ್ಟ ಸಹಿ. ಮೂವತ್ತೆರಡು ವರ್ಷ ಹಾಜರಿ ಪುಸ್ತಕದಲ್ಲಿ ದಿನಾ ಬೆಳಿಗ್ಗೆ ಹಾಕಿದ ಸಹಿ. (ಹತ್ತೂವರೆಗೆ ಬಂದು ಹತ್ತು ಗಂಟೆ ಅಂತ ಬರೆದು ಹಾಕಿದ ಸಹಿಯೂ ಅದೇ.)

“ನಂದೇ ಕಣಮ್ಮ,” ಅಂದೆ.

ಆಮೇಲೆ ಆ ಕಾಫಿ ಕುಡಿದೆನೋ ಬಿಟ್ಟೆನೋ ನೆನಪಿಲ್ಲ.

ನಾನು ಅಲ್ಲಿಗೆ ಹೋದದ್ದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ. ಮೂರು ವಾರದ ಹಿಂದೆ ಇದೇ ಜಾಗದಲ್ಲಿ ಒಂದು ಲೇಖನ ಬರೆದಿದ್ದೆ. ನೀವು ಓದಿರಬಹುದು. ಓದದಿದ್ದರೆ ನಷ್ಟವೇನೂ ಇಲ್ಲ. ವಲಸಿಗರ ಕಾನೂನು ಬದಲಾಗಿದೆ, ಹೊರದೇಶದಿಂದ ಬಂದು ಕಾಗದಪತ್ರವಿಲ್ಲದೆ ಜೀವಮಾನವೆಲ್ಲ ಇಲ್ಲೇ ಕಳೆದ ಕೆಲವರ ಅರ್ಜಿಗಳನ್ನು ಮತ್ತೆ ನೋಡುತ್ತಾರಂತೆ ಅಂತ ಸುದ್ದಿ ಬಂದಿತ್ತಲ್ಲ, ಅದರ ಬಗ್ಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಅಂಕಣಕಾರ ಅಂದಮೇಲೆ ಕೊಂಚ ಮುಖ ಸಿಂಡರಿಸಬೇಡವೇ?

“ತಪ್ಪು ತಿದ್ದುವುದು ಸರಿ. ಆದರೆ ತಪ್ಪು ಮಾಡಿದವರು ಯಾರು? ಹೆಸರು ಹೇಳಿ. ಅವರು ಮುಂದೆ ಬಂದು ನಿಲ್ಲಲಿ.” ಹೀಗೆಲ್ಲ ಗುಡುಗಿದ್ದೆ.

ಲೇಖನ ವಾಟ್ಸಾಪಿನಲ್ಲಿ ಓಡಾಡಿತು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಳಗಿನ ಗಾಡಿಗೆ ಕಾಯುತ್ತಿದ್ದ ಒಬ್ಬರು ಬಂದು ಕೈ ಕುಲುಕಿದರು. “ಚೆನ್ನಾಗಿ ಉಗ್ದಿದೀರ ಸಾರ್” ಅಂದರು. ನಾನು ಆ ದಿನವೆಲ್ಲ ಉಬ್ಬಿಕೊಂಡೇ ಓಡಾಡಿದೆ.

ಆಮೇಲೆ ಬಂತು ಸುಜಾತಳ ಫೋನು.

“ಸಾರ್, ಹೊಣೆ ಯಾರು ಅಂತ ಕೇಳಿದ್ರಲ್ಲ, ನಮ್ಮತ್ತೆ ಫೈಲಲ್ಲಿ ಒಂದ್ ಹೆಸ್ರು ಸಿಕ್ಕೈತೆ. ಬಂದು ನೋಡ್ತೀರಾ?”

ಮುಂದಿನ ವಾರಕ್ಕೆ ಒಳ್ಳೆ ಸರಕು ಸಿಕ್ಕಿತು ಅಂದುಕೊಂಡೆ. ನಿಜ ಹೇಳುತ್ತಿದ್ದೇನೆ, ಮೊದಲು ಬಂದ ಯೋಚನೆ ಅದೇ. ನೋಟ್‌ಬುಕ್ ಜೇಬಿಗೆ ಹಾಕಿಕೊಂಡು ಬೂದಿಕೋಟೆ ಬಸ್ಸು ಹತ್ತಿದೆ.

ಬೂದಿಕೋಟೆಗಿಂತ ಎರಡು ಸ್ಟಾಪ್ ಈಚೆ ಅವರ ಊರು. ಬಾಗಿಲಲ್ಲಿ ನಾಲ್ಕು ಸೀಮೆಹಸು. ಡೈರಿಗೆ ಹಾಲು ಹಾಕಿ ಬಂದ ಕ್ಯಾನು ತೊಳೆದು ಬೋರಲು ಹಾಕಿದ್ದರು. ಸುಜಾತಳ ಅತ್ತೆ ಅಂಜಲೈ ಒಳಗಿನಿಂದ ಬಂದು ಕೈ ಮುಗಿದರು. ಅರವತ್ತರ ಆಸುಪಾಸು. ನನ್ನ ಮುಖವನ್ನೇ ನೋಡಿದರು. ಗುರುತು ಹಿಡಿದರೋ ಇಲ್ಲವೋ ಆಗ ನನಗೆ ತಿಳಿಯಲಿಲ್ಲ.

ಅವರ ಕಥೆ ಉದ್ದವಿಲ್ಲ. ಹುಟ್ಟಿದ್ದು ಲಂಕೆಯ ಒಂದು ಟೀ ತೋಟದಲ್ಲಿ. (ಇಲ್ಲಿನವರ ಬಾಯಲ್ಲಿ ಅದು ಇವತ್ತಿಗೂ ಸಿಲೋನು.) ಅಜ್ಜನ ಕಾಲದಲ್ಲಿ ಇಲ್ಲಿಂದ ಹೋದ ಕೂಲಿಗಳ ಮನೆ. ಹತ್ತು ವರ್ಷದವಳಿದ್ದಾಗ ಸೋದರಮಾವನ ಜೊತೆ ಈ ಕಡೆಗೆ ಬಂದರು. ಮಾವನಿಗೆ ಕಾಗದ ಇತ್ತು, ಅದರಲ್ಲಿ ಈ ಹುಡುಗಿಯ ಹೆಸರಿರಲಿಲ್ಲ. ಮಾವ ಉರಿಗಾಂನಲ್ಲಿ ನೆಂಟರಿದ್ದ ಲೈನ್ ಮನೆಗೆ, ಅಂದರೆ ಗಣಿ ಕೂಲಿಗಳ ಸಾಲುಮನೆಗೆ, ಬಂದು ಚಿನ್ನದ ಗಣಿ ಕೆಲಸಕ್ಕೆ ಸೇರಿದ. “ನೀನು ಮುಂದೆ ಹೋಗು, ತಮ್ಮನನ್ನು ಕರಕೊಂಡು ಹಿಂದೇನೇ ಬರ್ತೀನಿ” ಅಂದಿದ್ದ ತಾಯಿಗೆ ಬರಲಾಗಲಿಲ್ಲ. ಅಲ್ಲೇ ಉಳಿದರು. ಈಗಲೂ ಇದ್ದಾರೆ. ಎಂಬತ್ತು ದಾಟಿದೆ.

ಉರಿಗಾಂನ ಲೈನುಗಳಿಗೆ ಸೈಕಲ್ಲಿನಲ್ಲಿ ಹಾಲು ತರುತ್ತಿದ್ದವನು ಈ ಊರಿನ ನಾರಾಯಣಪ್ಪ. ಹಾಲಿನ ಲೆಕ್ಕದಲ್ಲಿ ಶುರುವಾದ ಮಾತು ಮದುವೆಗೆ ಬಂದು ನಿಂತಿತು. ನಾರಾಯಣಪ್ಪ ಈಗಿಲ್ಲ. ಮಗ ಇದ್ದಾನೆ, ಸೊಸೆ ಇದ್ದಾಳೆ, ಹಸುಗಳಿವೆ. ಇಲ್ಲದಿರುವುದು ಒಂದೇ, ಪಾಸ್‌ಪೋರ್ಟು.

“ಅಮ್ಮನ್ ನೋಡ್ಬೇಕು ಸಾ, ಅಷ್ಟೇ,” ಅಂದರು ಅಂಜಲೈ. “ಓಗಾಕೆ ಎಂಗೋ ಒಂದ್ ದಾರಿ ಐತಂತೆ. ವಾಪಸ್ ಬರಾಕಿಲ್ವಂತೆ. ಇಲ್ಲಿ ಮೊಮ್ಮಕ್ಳು, ಅಲ್ಲಿ ಅಮ್ಮ. ಯಾರ್ನ ಬುಡ್ಲಿ ಏಳಿ?”

ಪೌರತ್ವಕ್ಕೆ ಅವರು ಅರ್ಜಿ ಹಾಕಿದ್ದು ಇಪ್ಪತ್ತೈದು ವರ್ಷಕ್ಕೂ ಹಿಂದೆ. ಆ ಅರ್ಜಿ ವರದಿಗಾಗಿ ಈ ಭಾಗದ ಒಂದು ಸರ್ಕಾರಿ ಕಚೇರಿಗೆ ಬಂತು. (ಯಾವ ಕಚೇರಿ ಅಂತ ಕೇಳಬೇಡಿ, ಪಿಂಚಣಿ ಬರುತ್ತಿದೆ.) ಅಲ್ಲಿ ಆ ಫೈಲುಗಳ ಗುಮಾಸ್ತ ನಾನು.

ಅರ್ಜಿಯಲ್ಲಿ ಅಂಜಲೈ ನಿಜ ಬರೆಸಿದ್ದರು. ಹುಟ್ಟಿದ್ದು ಲಂಕೆಯಲ್ಲಿ ಅಂತ. ಮಹಜರಿಗೆ ಊರಿಗೆ ಹೋದಾಗ ಎಡವಟ್ಟಾಯಿತು. ಮಹಜರು ಅಂದರೆ ಗೊತ್ತಲ್ಲ, ನಮ್ಮವರು ಊರಿಗೆ ಹೋಗಿ ಹಿರಿಯರನ್ನು ಸೇರಿಸಿ ವಿಚಾರಿಸಿ ಬರೆದುಕೊಂಡು ಸಹಿ ಹಾಕಿಸುವುದು. ಅಂಜಲೈ ಅತ್ತೆ ಮುನಿಯಮ್ಮ ಆಗ ಗಟ್ಟಿಯಾಗಿದ್ದರು. ಸೊಸೆ ಎಲ್ಲಿ ಹುಟ್ಟಿದ್ದು ಅಂತ ಕೇಳಿದ್ದಕ್ಕೆ ಅವರು ಹೇಳಿದ್ದನ್ನು ಅಂಜಲೈ ಇವತ್ತಿಗೂ ಅದೇ ಗತ್ತಿನಲ್ಲಿ ಹೇಳುತ್ತಾರೆ.

“ಸೇರು ಒದ್ದು ಒಳಿಕ್ ಬಂದ ಮ್ಯಾಲೆ ನಮ್ಮನೇಲೇ ಉಟ್ಟಂಗೆ ಕಣಪ್ಪಾ. ಇನ್ನೆಲ್ಲಿ ಉಟ್ತಾಳೆ? ಬರ್ಕೋ, ಇದೇ ಊರು.”

ಊರಿನ ಐದು ಜನ ಹಿರಿಯರು ಹೌದು ಹೌದು ಅಂದರು. ಹೆಬ್ಬೆಟ್ಟು ಒತ್ತಿದರು. ಹೊರಗಿನವಳು ಅಂದರೆ ಎಲ್ಲಿ ಕಳಿಸಿಬಿಡುತ್ತಾರೋ ಅನ್ನುವ ಭಯ ಒಂದು ಕಡೆ. ಆದರೆ ಅದು ಬರೀ ಭಯವಲ್ಲ. ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟು, ಬಲಗಾಲಿನಲ್ಲಿ ಒದ್ದು ಒಳಗೆ ಬಂದ ಹೆಣ್ಣು ಆ ಮನೆಯವಳು, ಆ ಊರಿನವಳು. ಅವಳ ತವರನ್ನು ಎತ್ತಿ ಆಡುವುದು ಮರ್ಯಾದೆಯಲ್ಲ. ನಮ್ಮ ಕಡೆಯ ಹಿರಿಯರು ಇದನ್ನು ಸುಳ್ಳು ಅಂತ ತಿಳಿಯುವುದೇ ಇಲ್ಲ. ಪ್ರೀತಿ ಅಂತ ತಿಳಿಯುತ್ತಾರೆ.

ಅರ್ಜಿಯಲ್ಲಿ ಲಂಕೆ. ಮಹಜರಿನಲ್ಲಿ ಈ ಊರು. ಎರಡೂ ನನ್ನ ಮೇಜಿನ ಮೇಲೆ.

ನಾನು ಏನು ಬರೆದೆ? ಸುಜಾತ ಆರ್‌ಟಿಐ ಹಾಕಿ ತೆಗೆಸಿದ ಹಾಳೆಯಲ್ಲಿದೆ, ಓದಿಕೊಳ್ಳಿ: “ಅರ್ಜಿದಾರರು ಜನ್ಮಸ್ಥಳದ ಬಗ್ಗೆ ಸುಳ್ಳು ಮಾಹಿತಿ ನೀಡಿರುವುದು ಕಂಡುಬರುತ್ತದೆ. ಅರ್ಜಿಯನ್ನು ತಿರಸ್ಕರಿಸಬಹುದಾಗಿದೆ.”

ಎರಡೇ ಸಾಲು. ಆ ಕಾಲದಲ್ಲಿ ನನ್ನ ಟಿಪ್ಪಣಿಗೆ ಹೆಸರಿತ್ತು. “ಅವನು ಬರೆದರೆ ಎರಡೇ ಸಾಲು, ಮೇಲಿನವರು ಕಣ್ಣು ಮುಚ್ಚಿ ಸಹಿ ಹಾಕ್ತಾರೆ” ಅನ್ನುತ್ತಿದ್ದರು. ಹಾಕಿದರು ಕೂಡ. ಫೈಲು ಮೇಲೆ ಹೋಯಿತು, ಅರ್ಜಿ ಬಿದ್ದುಹೋಯಿತು. ಆಮೇಲೆ ಎರಡು ಸಲ ಅರ್ಜಿ ಹಾಕಿದಾಗಲೂ ಹಳೇ ಫೈಲು ತೆಗೆದು ನೋಡಿ, ‘ಸುಳ್ಳು ಮಾಹಿತಿ ನೀಡಿದವರು’ ಅಂತ ವಾಪಸ್ ಕಳಿಸಿದ್ದಾರೆ. ಸುಳ್ಳಿನ ಹಣೆಪಟ್ಟಿ ಕಟ್ಟಿದ್ದು ನಾನು. ಹೊತ್ತದ್ದು ನಿಜ ಹೇಳಿದ ಒಬ್ಬಳೇ ಹೆಂಗಸು.

ನನ್ನನ್ನು ಈಗ ಕೊರೆಯುತ್ತಿರುವುದು ಇನ್ನೊಂದು. ಅಂದಿನ ಸಾಹೇಬರು ದೂರದ ಜಿಲ್ಲೆಯವರು. ಈ ಕಡೆಯ ಮಾತು, ಮಾತಿನ ಹಿಂದಿನ ಮನಸ್ಸು ಅವರಿಗೆ ಗೊತ್ತಾಗದಿರಬಹುದು. ನಾನೋ? ನಾನು ಬೇತಮಂಗಲದ ಪಕ್ಕದ ಹಳ್ಳಿಯವನು. ನನ್ನ ಹೆಂಡತಿ ಸೇರು ಒದ್ದು ಬಂದ ದಿನ ನಮ್ಮಮ್ಮನೂ “ಇವತ್ತಿಂದ ಇವ್ಳು ಈ ಮನೇಲಿ ಉಟ್ಟವ್ಳೆ” ಅಂತ ಓಣಿಗೆಲ್ಲ ಕೇಳುವ ಹಾಗೆ ಹೇಳಿದ್ದರು. ಆ ಇಡೀ ಕಚೇರಿಯಲ್ಲಿ ಮುನಿಯಮ್ಮನ ಮಾತಿನ ಅರ್ಥ ಗೊತ್ತಿದ್ದವನು ನಾನೊಬ್ಬನೇ. ಪಕ್ಕದಲ್ಲಿ ಒಂದು ವಾಕ್ಯ ಬರೆದಿದ್ದರೆ ಸಾಕಿತ್ತು. ಹಿರಿಯರು ಹೀಗೆ ಹೇಳುವುದು ಇಲ್ಲಿನ ವಾಡಿಕೆ, ಅರ್ಜಿದಾರರ ಹೇಳಿಕೆಯನ್ನೇ ಪರಿಗಣಿಸಬಹುದು ಅಂತ.

ಯಾಕೆ ಬರೆಯಲಿಲ್ಲ?

ಮಾರ್ಚ್ ಕೊನೆ, ಬಾಕಿ ಫೈಲು ಮುಗಿಸಬೇಕಿತ್ತು ಅಂತ ಹೇಳಬಹುದು. ಅದು ನೆಪ. ನಿಜ ಏನೆಂದರೆ, ಸರ್ಕಾರಿ ಕೆಲಸದಲ್ಲಿ ‘ಇಲ್ಲ’ ಅಂದವನಿಗೆ ಯಾವತ್ತೂ ನೋಟಿಸ್ ಬರುವುದಿಲ್ಲ. ‘ಆಗಲಿ’ ಅಂದವನ ಕುತ್ತಿಗೆಗೇ ಬರುವುದು. ಹೊರದೇಶದ ವಿಷಯ ಬೇರೆ. ನನಗ್ಯಾಕೆ ಉಸಾಬರಿ ಅಂದುಕೊಂಡೆ. ಸಂಜೆ ಮನೆಗೆ ಹೋಗಿ ಹೆಂಡತಿ ಮಾಡಿದ ಮುದ್ದೆ ಉಂಡು ಮಲಗಿದೆ. ನಿದ್ದೆ ಚೆನ್ನಾಗಿಯೇ ಬಂದಿರಬೇಕು.

“ಅವತ್ತು ನಾನು ನಿಮ್ಮ ಆಪೀಸ್ ಕಿಟಕಿ ತಾವ ನಿಂತಿದ್ದೆ ಸಾ,” ಅಂದರು ಅಂಜಲೈ. “ನಮ್ಮತ್ತೆ ಏಳಿದ್ದು ಪಿರೂತಿಗೆ, ನಾನು ಬರ್ಸಿದ್ದೇ ದಿಟ ಅಂತ ಏಳೋಣ ಅಂತ ಬಂದಿದ್ದೆ. ನೀವು ತಲೆ ಎತ್ಲಿಲ್ಲ. ನಾಳೆ ಬಾ ಅಂದ್ರಿ. ಮಾರ್ನೆ ದಿನ ಬಂದ್ರೆ ಫೈಲ್ ಮ್ಯಾಲಕ್ ಓಗೈತೆ ಅಂದ್ರು.”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಸುಜಾತಳ ಮುಖದಲ್ಲಿ ಸಿಟ್ಟಿತ್ತು, ಅದು ನ್ಯಾಯ. ಅಂಜಲೈ ಮುಖದಲ್ಲಿ ಅದೂ ಇರಲಿಲ್ಲ. ನಾನು “ತಪ್ಪಾಯ್ತಮ್ಮ” ಅಂದೆ. ಇಷ್ಟು ವರ್ಷದ ಮೇಲೆ ಆ ಮಾತಿಗೆ ಏನು ಬೆಲೆ ಅಂತ ನನಗೇ ನಾಚಿಕೆಯಾಯಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ಗಾದೆ ಇದೆ. ಮೂರು ವಾರದ ಹಿಂದೆ ಪುರಾಣ ಹೇಳಿದ್ದೆ. ಈಗ ನನ್ನ ಬದನೆಕಾಯಿ ನನ್ನ ಮುಂದೆಯೇ ಇತ್ತು.

“ನಾಳೆ ಮೂರೂ ಜನ ಕಚೇರಿಗೆ ಹೋಗೋಣ. ಆ ಎರಡು ಸಾಲು ತಪ್ಪು ಅಂತ ನಾನೇ ಬರೆದುಕೊಡ್ತೀನಿ,” ಅಂದೆ.

ಹೋದೆವು. ಅಧಿಕಾರಿ ಚಿಕ್ಕ ವಯಸ್ಸಿನವರು, ವಿನಯವಂತರು. ಎದ್ದು ನಿಂತು ಮಾತಾಡಿಸಿದರು, ಮನೆಯಲ್ಲಿ ಎಲ್ಲರೂ ನಿಮ್ಮ ಕಾಲಂ ಓದ್ತೀವಿ ಅಂದರು. ಅಂಜಲೈಗೂ ಕುರ್ಚಿ ಹಾಕಿಸಿದರು. (ನನ್ನ ಕಾಲದಲ್ಲಿ ಅರ್ಜಿದಾರರಿಗೆ ಇದ್ದದ್ದು ಕಿಟಕಿ ಮಾತ್ರ. ಅಷ್ಟರಮಟ್ಟಿಗೆ ಸುಧಾರಣೆ ಆಗಿದೆ, ಒಪ್ಪಿಕೊಳ್ಳಲೇಬೇಕು.)

ಈಗ ಎಲ್ಲ ಆನ್‌ಲೈನ್. ಸುಜಾತ ಹೇಳುತ್ತಾ ಹೋದಳು, ಅವರು ತುಂಬುತ್ತಾ ಹೋದರು. ‘ಹಿಂದಿನ ಅರ್ಜಿ ತಿರಸ್ಕೃತವಾಗಿದ್ದರೆ ಕಾರಣ’ ಎಂಬಲ್ಲಿಗೆ ಬಂದು ಕೈ ನಿಂತಿತು. ಪರದೆಯನ್ನು ನನ್ನ ಕಡೆ ತಿರುಗಿಸಿದರು. ದಾಖಲೆ ಕೊರತೆ. ವಿಚಾರಣೆಗೆ ಗೈರುಹಾಜರಿ. ಸುಳ್ಳು ಮಾಹಿತಿ. ಇತರೆ. ಒಂದನ್ನು ಒತ್ತಬೇಕು.

“ಕಚೇರಿಯ ತಪ್ಪು ಅಂತ ಎಲ್ಲಿದೆ?” ಅಂದೆ.

ಅವರು ನಕ್ಕರು. ಕೆಟ್ಟ ನಗುವಲ್ಲ, ಪಾಪದ ನಗು. “ಆ ಆಪ್ಷನ್ ಕೊಟ್ಟಿಲ್ಲ ಸಾರ್.”

“ಹಾಗಾದ್ರೆ ಅಫಿಡವಿಟ್ ಕೊಡ್ತೀನಿ. ತಪ್ಪು ನಂದು ಅಂತ.”

“ಕೊಡಬಹುದು ಸಾರ್. ಆದ್ರೆ ನೀವು ಟಿಪ್ಪಣಿ ಬರೆದವರು ಅಷ್ಟೇ. ಸಹಿ ಹಾಕಿದವರು ಬೇರೆ, ಆದೇಶ ಮಾಡಿದವರು ಇನ್ನೂ ಬೇರೆ. ಈಗ ಅವರ್ಯಾರೂ ಇಲ್ಲ. ನೀವೂ ರಿಟೈರ್ಡು. ನಿಮ್ಮ ತಪ್ಪನ್ನ ನಾನು ಯಾವ ಕಾಲಂಗೆ ಹಾಕ್ಲಿ?”

ನೋಡಿದಿರಾ? ತಪ್ಪು ಮಾಡುವಾಗ ಮೂರು ಜನ ಇದ್ದೆವು. ಒಪ್ಪಿಕೊಳ್ಳಲು ಬಂದರೆ ಒಬ್ಬನಿಗೂ ಜಾಗವಿಲ್ಲ. ಕಾನೂನು ಬದಲಾಗುತ್ತದೆ, ಫಾರಂ ಬದಲಾಗುತ್ತದೆ, ಕಂಪ್ಯೂಟರು ಬರುತ್ತದೆ. ಹಿಂದೆ ಏನು ತಪ್ಪಾಯಿತು, ಯಾರ ಕೈಯಿಂದ, ಯಾರ ಮೇಲೆ ಅನ್ನುವುದನ್ನು ಮಾತ್ರ ಯಾರೂ ಕೇಳಿ ಬರೆದುಕೊಳ್ಳುವುದಿಲ್ಲ. ಬರೆದುಕೊಳ್ಳದ ಮೇಲೆ ಅದೇ ತಪ್ಪನ್ನು ಮತ್ತೊಬ್ಬ ಗುಮಾಸ್ತ ಮತ್ತೊಂದು ಫೈಲಿನಲ್ಲಿ ಮಾಡುವುದಿಲ್ಲ ಅನ್ನುವುದಕ್ಕೆ ಏನು ಗ್ಯಾರಂಟಿ? ಹಳೇ ಗೋಡೆಗೆ ಹೊಸ ಸುಣ್ಣ ಬಳಿದರೆ ಬಿರುಕು ಮುಚ್ಚೀತೇ?

ಕೊನೆಗೆ ‘ಇತರೆ’ ಒತ್ತಿದರು. ಅದರ ಮುಂದೆ ಒಂದು ಸಾಲಿನಷ್ಟು ಜಾಗ. “ಅಂದಿನ ಗುಮಾಸ್ತನ ತಪ್ಪು ಟಿಪ್ಪಣಿಯಿಂದ” ಅಂತ ನಾನು ಹೇಳಿದೆ, ಅವರು ಟೈಪ್ ಮಾಡಿದರು. ಅಫಿಡವಿಟ್ಟನ್ನೂ ಕಡತಕ್ಕೆ ಸೇರಿಸುತ್ತೇನೆ ಅಂದರು. ಒಳ್ಳೆಯವರು. ಆದರೆ ಒಳ್ಳೆಯವರಿಂದಲೂ ಆಗದ್ದು ಒಂದಿತ್ತು.

“ಮತ್ತೆ ಮಹಜರಾಗಬೇಕು ಸಾರ್. ಜಿಲ್ಲೆಗೆ ಹೋಗಬೇಕು, ಅಲ್ಲಿಂದ ಬೆಂಗಳೂರು, ಅಲ್ಲಿಂದ ದೆಹಲಿ. ಕಡಿಮೆ ಅಂದ್ರೂ ಆರು ತಿಂಗಳು. ಜಾಸ್ತೀನೂ ಆಗಬಹುದು.”

ಆರು ತಿಂಗಳು ಅಂತ ಹೇಳುವುದು ಕಚೇರಿಯಲ್ಲಿ ಬಹಳ ಸುಲಭ. ನಾನೂ ಎಷ್ಟು ಜನಕ್ಕೆ ಹೇಳಿದ್ದೇನೋ. ಅದನ್ನು ಕೇಳಿಸಿಕೊಳ್ಳುವವರ ಮುಖ ಹೇಗಿರುತ್ತದೆ ಅಂತ ಅವತ್ತೇ ಮೊದಲ ಸಲ ನೋಡಿದ್ದು. ಅಂಜಲೈ ಸೆರಗು ಸರಿಮಾಡಿಕೊಂಡು ಎದ್ದರು.

ಹೊರಗೆ ಹೊಂಗೆ ಮರದ ಕೆಳಗೆ ನಿಂತಿದ್ದಾಗ ಅವರ ಫೋನು ಹೊಡೆದುಕೊಂಡಿತು. ವಿಡಿಯೋ ಕಾಲ್. ಅಲ್ಲಿ ತಮ್ಮನ ಮಗಳು ದಿನಾ ಮಧ್ಯಾಹ್ನ ಅಜ್ಜಿಯನ್ನು ಕೂರಿಸಿ ಮಾಡಿಸುತ್ತಾಳಂತೆ. ಪರದೆಯ ತುಂಬ ಒಂದು ಮುದಿ ಮುಖ. ಒಂದು ಕಣ್ಣಿಗೆ ಪೊರೆ. ತಮಿಳಿನಲ್ಲಿ ಕೇಳಿದ್ದು ಒಂದೇ ಮಾತು, ಯಾವಾಗ ಬರ್ತೀಯ? ದಿನಾ ಕೇಳುವುದೂ ಅದೊಂದೇ ಅಂತೆ.

ಅಂಜಲೈ ನನ್ನ ಕಡೆ ನೋಡಿದರು. “ಆರ್ ತಿಂಗ್ಳು ಅನ್ನಾಕೆ ನಂಗೆ ಬಾಯಿ ಬರಾಕಿಲ್ಲ ಸಾ. ನಿಮ್ಗೆ ತಮಿಳ್ ಬತ್ತೈತಲ್ಲ, ನೀವೇ ಒಂದ್ ಮಾತು ಏಳಿ,” ಅಂತ ಫೋನು ನನ್ನ ಕೈಗೆ ಕೊಟ್ಟರು.

ಗಣಿ ಸೀಮೆಯಲ್ಲಿ ಬೆಳೆದವನಿಗೆ ತಮಿಳೇನೂ ಕಷ್ಟವಲ್ಲ. ನಾನು ಮಾತು ತೆಗೆಯುವ ಮೊದಲೇ ಆ ತಾಯಿ ಪರದೆಯ ಹತ್ತಿರ ಕಣ್ಣು ತಂದು ನನ್ನ ಬಿಳಿ ಷರಟು, ಕನ್ನಡಕ, ಜೇಬಿನ ಪೆನ್ನು ಎಲ್ಲ ನೋಡಿದರು.

“ನೀಂಗ ಗವರ್ಮೆಂಟಾ?” ಅಂದರು. ನೀವು ಸರ್ಕಾರದವರಾ ಅಂತ.

ಅಲ್ಲ, ನಾನು ರಿಟೈರ್ಡು ಅನ್ನಬಹುದಿತ್ತು. ಬರೀ ಪತ್ರಿಕೆಗೆ ಬರೆಯುವವನು ಅನ್ನಬಹುದಿತ್ತು. ಎರಡೂ ನಿಜವೇ.

“ಆಮಾಮ್ಮ,” ಅಂದೆ. ಹೌದಮ್ಮ.

ಆಕೆ ನನ್ನನ್ನೇ ನೋಡುತ್ತಾ ತಮಿಳಿನಲ್ಲೇ ಮೆಲ್ಲಗೆ ಕೇಳಿದರು, “ಹಾಗಾದ್ರೆ ಯಾಕಪ್ಪಾ ಇಷ್ಟು ಲೇಟು?”