ಅರ್ಧಕ್ಕೆ ನಿಂತ ಮಾತು

ನಾಟಕ ಮಂದಿರದ ಹಿಂಬಾಗಿಲಿನಿಂದ ಒಳಗೆ ಬಂದರೆ ಎಡಗಡೆಗೆ ಒಂದು ಉದ್ದನೆಯ ಕೋಣೆ. ಅದಕ್ಕೆ ಕಿಟಕಿ ಒಂದೇ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಯಂತ್ರದ ಹಿಂದೆ ಸೂಜಿಯಕ್ಕ. ಮೂವತ್ತೊಂದು ವರ್ಷದಿಂದ ಹೀಗೇ. ಗಂಡ ಅದೇ ಮಂದಿರದಲ್ಲಿ ಪರದೆ ಎಳೆಯುತ್ತಿದ್ದ. ಅವನು ಹೋದ ಮೇಲೆ ಹೊಟ್ಟೆಪಾಡಿಗೆಂದು ಬಂದವಳು ಅಲ್ಲಿಯೇ ಬೇರುಬಿಟ್ಟಳು. ಓದು ಎಂದರೆ ಅಕ್ಷರ ಕೂಡಿಸಿಕೊಂಡು ಬೋರ್ಡು ಓದುವಷ್ಟು. ಆದರೆ ರಂಗದ ಪಕ್ಕದಲ್ಲಿ ನಿಂತು ನಿಂತು, ಎರಡು ಮೂರು ವರ್ಷಕ್ಕೊಮ್ಮೆ ಆಡುತ್ತಿದ್ದ ಹಳೆಯ ದುರಂತ ನಾಟಕವೊಂದು ಅವಳಿಗೆ ಪೂರ್ತಿ ಬಾಯಿಪಾಠವಾಗಿತ್ತು.

ನಾಟಕದಲ್ಲಿ ಒಬ್ಬ ಮುದಿ ರಾಜ, ಅವನಿಗೆ ಒಬ್ಬನೇ ಮಗ, ಮತ್ತೆ ರಾಜಮುದ್ರೆ ಕಾಯುವ ಅಧಿಕಾರಿ. ಈ ಅಧಿಕಾರಿ ತಂದೆಯ ಮನಸ್ಸನ್ನು ಮಗನ ಮೇಲೆ ಕೆಡಿಸುತ್ತಾನೆ. ರಾಜ ಮಗನನ್ನು ಕೊಲ್ಲಿಸುತ್ತಾನೆ, ಆಮೇಲೆ ಸತ್ಯ ತಿಳಿದು ಹೆಣದ ಪಕ್ಕದಲ್ಲೇ ಪ್ರಾಣ ಬಿಡುತ್ತಾನೆ. ಸೋಜಿಗವೆಂದರೆ ನಾಟಕವನ್ನೆಲ್ಲ ಜರಡಿ ಹಿಡಿದರೂ ಈ ಪುಣ್ಯಾತ್ಮ ಅಧಿಕಾರಿ ಒಂದೇ ಒಂದು ಸುಳ್ಳು ಹೇಳುವುದಿಲ್ಲ. "ಯುವರಾಜರು ಬಂಗಾರದಂಥವರು ಪ್ರಭು. ಆದರೆ..." ಎಂದು ನಿಲ್ಲಿಸುತ್ತಾನೆ. "ಆದರೆ ಏನು?" ಎಂದು ರಾಜ ಕೇಳಿದರೆ, "ಬೇಡ ಬಿಡಿ, ಸಣ್ಣ ವಿಷಯ" ಎನ್ನುತ್ತಾನೆ. ಉಳಿದರ್ಧವನ್ನು ರಾಜನೇ ತುಂಬಿಕೊಳ್ಳುತ್ತಾನೆ.

ಈ ಸಲದ ನಿರ್ದೇಶಕ ಚಿಕ್ಕ ವಯಸ್ಸಿನವನು, ತುಂಬ ಓದಿಕೊಂಡವನು. ಅಭ್ಯಾಸ ಶುರುವಾಗಿ ಹತ್ತು ದಿನವಾದರೂ ಮೂರನೆಯ ಅಂಕ ದಾಟಲಿಲ್ಲ. ಮುದ್ರಾಧಿಕಾರಿ ಯಾಕೆ ಹೀಗೆ ಮಾಡಿದ ಎನ್ನುವುದು ಇತ್ಯರ್ಥವಾಗದೆ ಮುಂದೆ ಹೋಗುವಂತಿಲ್ಲ ಎಂದು ಅವನ ಹಟ. ಆ ಪಾತ್ರ ಮಾಡುತ್ತಿದ್ದವರು ಶಾಲೆಯೊಂದರ ಗಣಿತದ ಮೇಷ್ಟ್ರು. ಇರುವೆ ಕಂಡರೂ ಸುತ್ತಿ ಹೋಗುವ ಮನುಷ್ಯ.

"ಹೊಟ್ಟೆಕಿಚ್ಚು, ಪದವಿಯಾಸೆ, ಕೀಳು ಕುಲ ಅನ್ನೋ ನೋವು, ಹಿಂದೆ ಆದ ಅವಮಾನ. ನಾಲ್ಕು ಕಾರಣ ಇದೆ ಮೇಷ್ಟ್ರೇ, ಇನ್ನೇನು ಬೇಕು ನಿಮಗೆ?"

"ನಾಲ್ಕೂ ಕೂಡಿಸಿ ನೋಡ್ದೆ ಸಾರ್, ಎರಡು ಹೆಣದಷ್ಟು ಆಗಲ್ಲ. ಪದವಿ ಕೊಡ್ತೀನಿ ಅಂದಾಗ ಅವನೇ ಬೇಡ ಅಂತಾನಲ್ಲ?"

ಮೂಲೆಯ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದ ಮಂದಿರದ ಮ್ಯಾನೇಜರ್ ತಲೆ ಆಡಿಸಿದರು. "ಅವನ ಎದೆ ಕಲ್ಲು ಸಾರ್, ಕಲ್ಲು. ನಮ್ಮಂಥೋರಿಗೆ ಅದು ಅರ್ಥ ಆಗೋದೇ ಇಲ್ಲ."

ನಿಲುವಂಗಿಯ ಅಳತೆ ನೋಡಲು ಬಂದಿದ್ದ ಸೂಜಿಯಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಳು.

ಹೇಳುವುದೇನೋ ಇತ್ತು. ಮುದ್ರಾಧಿಕಾರಿಯ ಆ ಕಡುನೀಲಿ ನಿಲುವಂಗಿಯನ್ನು ಮೇಷ್ಟ್ರೂ ಸೇರಿ ಐದು ಜನ ತೊಟ್ಟಿದ್ದರು. ದಪ್ಪದವರು, ಸಣಕಲರು, ಒಬ್ಬ ಕುಡುಕನೂ ಇದ್ದ. ಐವರ ಕತ್ತುಪಟ್ಟಿಯೂ ಬೆವರಿಗೆ ನೆನೆಯುತ್ತಿದ್ದುದು ಒಂದೇ ಜಾಗದಲ್ಲಿ. ಚಾಡಿ ಹೇಳುವಾಗಲ್ಲ, ಯುವರಾಜ ಸಾಯುವಾಗಲೂ ಅಲ್ಲ. ಎರಡನೆಯ ಅಂಕದಲ್ಲಿ ಮುದಿ ರಾಜ ಸಿಂಹಾಸನ ಬಿಟ್ಟಿಳಿದು, ಅವನ ಹತ್ತಿರ ಬಂದು, "ನಿನಗೇನನ್ನಿಸುತ್ತದೆ, ಹೇಳು" ಎಂದು ಕೇಳುತ್ತಾನಲ್ಲ, ಆ ದೃಶ್ಯ ಮುಗಿಸಿ ಬಂದವರ ಕತ್ತುಪಟ್ಟಿಯನ್ನು ಹಿಂಡಬೇಕಿತ್ತು. ಯಾಕೆ ಹಾಗೆ ಎಂದು ಅವಳಿಗೂ ಗೊತ್ತಿರಲಿಲ್ಲ. ಒಗೆಯುವವಳಿಗೆ ಕಲೆ ಎಲ್ಲಿದೆ ಎಂದು ಗೊತ್ತಿದ್ದರೆ ಸಾಕು.

ಮರುದಿನ ಮಧ್ಯಾಹ್ನ ಮೇಷ್ಟ್ರು ಕೋಣೆಗೆ ಬಂದು, ಬಾಗಿಲು ಮುಂದಕ್ಕೆ ಮಾಡಿ, ತಾವೇ ತಪ್ಪು ಮಾಡಿದವರ ಹಾಗೆ ನಿಂತರು.

"ಸೂಜಿಯಕ್ಕ, ಈ ನಾಟಕ ಆದ್ಮೇಲೆ ನಿಮ್ಮ ಹತ್ರ ಈ ಕೋಣೆ ಕೀಲಿ ಇಸ್ಕೊಂಡು ಕೆಲಸ ಬಿಡಿಸ್ತಾರಂತೆ."

"ಯಾರಂದ್ರು?"

"ನಿರ್ದೇಶಕರು. ನಿನ್ನೆ ನಿಮ್ಮ ವಿಷಯ ಎತ್ತಿದ್ದೇ ಮ್ಯಾನೇಜರ್, ನಾನೂ ಅಲ್ಲೇ ಇದ್ದೆ. 'ಸೂಜಿಯಕ್ಕ ದೇವರಂಥೋರು ಸಾರ್. ಆದ್ರೆ... ಬಿಡಿ, ವಯಸ್ಸಾದೋರು' ಅಂದ್ರು. ನಿರ್ದೇಶಕರು ಬಿಡ್ತಾರಾ? ಕೆದಕಿ ಕೆದಕಿ ಕೇಳಿದ್ರು. ಆಗ ಮ್ಯಾನೇಜರ್ ಕಣ್ಣು ಮಂಜು ಅಂತ ಹೇಳಿ, ನೀಲಿ ಅಂಗಿಗೆ ಕಪ್ಪು ದಾರ ಹಾಕಿದ್ದೀರಿ ಅಂತ ತೋರಿಸಿದ್ರು."

ಹಾಕಿದ್ದು ನಿಜ. ಎಂಟು ಗುಂಡಿಗೂ ಕಪ್ಪು ದಾರ. ಅದರ ಹಿಂದಿನ ಕಥೆ ಎಂದರೆ, ನೀಲಿ ದಾರ ಮುಗಿದಿದೆ ತರಿಸಿಕೊಡಿ ಎಂದು ಅವಳು ಮ್ಯಾನೇಜರರನ್ನು ಮೂರು ಸಲ ಕೇಳಿದ್ದಳು. "ಕೂತು ನೋಡೋರಿಗೆ ದಾರ ಕಾಣುತ್ತಾ ಸೂಜಿಯಕ್ಕ? ಇರೋದ್ರಲ್ಲಿ ಹಾಕಿ" ಎಂದು ನಕ್ಕವರು ಅವರೇ. ಇದರಿಂದ ಅವರಿಗೇನು ಲಾಭ ಎಂದು ಅವಳು ಎಷ್ಟು ತಿರುವಿ ಹಾಕಿದರೂ ಹೊಳೆಯಲಿಲ್ಲ. ಅವಳ ಜಾಗಕ್ಕೆ ತುರುಕಲು ಅವರಿಗೆ ತಂಗಿಯಿಲ್ಲ, ಸೊಸೆಯಿಲ್ಲ. ಅವಳು ಅವರನ್ನು ಎಂದೂ ಎದುರುಹಾಕಿಕೊಂಡವಳೂ ಅಲ್ಲ.

"ನಾನು ಹೋಗಿ ಹೇಳ್ಲಾ?" ಎಂದರು ಮೇಷ್ಟ್ರು.

"ನೀವು ಮೊದಲು ಆ ಮುದ್ರೆಯವನ ಮಾತು ಸರಿಯಾಗಿ ಹೇಳಿ. ನನ್ನ ಮಾತು ನಾನು ಹೇಳ್ಕೊಳ್ತೀನಿ."

ಸಂಜೆ ನಿರ್ದೇಶಕನೇ ಅವಳನ್ನು ತನ್ನ ಕೋಣೆಗೆ ಕರೆಸಿದ. ತಾನೇ ಎದ್ದು ಕುರ್ಚಿ ಎಳೆದು ಹಾಕಿದ. ಮೂವತ್ತೊಂದು ವರ್ಷದಲ್ಲಿ ಅವಳಿಗೆ ಯಾರೂ ಆ ಕೋಣೆಯಲ್ಲಿ ಕುರ್ಚಿ ಹಾಕಿರಲಿಲ್ಲ.

"ಕಣ್ಣು ಮಂಜಾಗಿದೆಯಂತಲ್ಲ ಸೂಜಿಯಕ್ಕ, ಮ್ಯಾನೇಜರ್ ಹೇಳ್ತಿದ್ರು. ಪಾಪ, ನಿಮ್ಮ ಮೇಲೆ ತುಂಬ ಕಾಳಜಿ ಅವರಿಗೆ." ಅವನು ಸ್ವಲ್ಪ ಮುಂದಕ್ಕೆ ಬಾಗಿದ. "ಅವರು ಹೇಗೆ? ನಾನು ಹೊಸಬ, ನೀವು ಹಳಬರು. ನಿಮಗೇನನ್ನಿಸುತ್ತೆ?"

"ಮ್ಯಾನೇಜರ್ ಒಳ್ಳೆಯವರೇ ಸಾರ್," ಎಂದಳು ಸೂಜಿಯಕ್ಕ. "ಆದ್ರೆ..."

ಬೇಕೆಂದು ನಿಲ್ಲಿಸಿದ್ದಲ್ಲ, ಉಗುಳು ನುಂಗಲು ತಡೆದದ್ದು. ಅಷ್ಟರಲ್ಲಿ ನಿರ್ದೇಶಕನ ಕಣ್ಣು ಅಗಲವಾಯಿತು. ಕೈಯಲ್ಲಿದ್ದ ಪೆನ್ಸಿಲು ಸದ್ದಿಲ್ಲದೆ ಮೇಜಿನ ಮೇಲೆ ಕೂತಿತು. ಅಷ್ಟೆಲ್ಲ ಓದಿಕೊಂಡ ಮನುಷ್ಯ ಬಾಯಿ ಅರ್ಧ ತೆರೆದು, ಅಕ್ಷರ ಕೂಡಿಸಿ ಓದುವವಳ ತುಟಿಯನ್ನೇ ನೋಡುತ್ತಿದ್ದ. ಇನ್ನು ಅವಳು "ಬೇಡ ಬಿಡಿ" ಎಂದರೆ ಸಾಕು, ಮ್ಯಾನೇಜರರ ಕಥೆ ಮುಗಿಯಿತು. ಉಳಿದದ್ದನ್ನು ಅವನೇ ಹೊಲಿದುಕೊಳ್ಳುತ್ತಾನೆ. ಸೂಜಿಯಕ್ಕನಿಗೆ ಕತ್ತಿನ ಹಿಂದೆ ಬಿಸಿಯಾಯಿತು. ರವಿಕೆಯ ಪಟ್ಟಿ ತೇವವಾಯಿತು. ಹೆದರಿಕೆ ಅಲ್ಲ ಅದು. ಬಾಯಾರಿದವನ ಗಂಟಲಿಗೆ ತಣ್ಣೀರು ಇಳಿದ ಹಾಗಿತ್ತು.

ಓಹೋ, ಇದೇನಾ, ಎಂದುಕೊಂಡಳು. ಆ ಹಾಳಾದವನಿಗೂ ಇಷ್ಟೇ ಬೇಕಾಗಿದ್ದುದು.

ಆ ಸುಖದಲ್ಲಿ ಇನ್ನೊಂದು ಗಳಿಗೆ ಕೂತಳು. ಇಲ್ಲವೆಂದರೆ ಸುಳ್ಳಾದೀತು. ಆಮೇಲೆ ಮಾತು ಮುಗಿಸಿದಳು.

"...ಆದ್ರೆ ನೀಲಿ ದಾರ ಮೂರು ಸಲ ಕೇಳಿದೆ, ತರಿಸಿಕೊಡಲಿಲ್ಲ. ಅದಕ್ಕೇ ಕಪ್ಪು ಹಾಕಿದ್ದು. ಅವರ ಮೇಲೆ ನನಗಿರೋ ದೂರು ಅಷ್ಟೇ ಸಾರ್, ಇನ್ನೇನೂ ಇಲ್ಲ."

"ಅಷ್ಟೇನಾ?" ನಿರ್ದೇಶಕನ ಮುಖ ಆರಿದ ಕಾಫಿಯ ಹಾಗಾಯಿತು. ಎಂಥದೋ ದೊಡ್ಡ ಹಗರಣಕ್ಕೆ ಎಲೆ ಹಾಸಿಕೊಂಡು ಕೂತವನಿಗೆ ದಾರದ ಉಂಡೆ ಬಡಿಸಿದಂತಾಗಿತ್ತು.

"ಅಷ್ಟೇ. ಇನ್ನು ಕಣ್ಣು. ಅದು ನಿಜ. ಸೂಜಿಗೆ ದಾರ ಪೋಣಿಸೋಕೆ ನಾಲ್ಕು ಸಲ ಬೇಕು. ಹೊಲಿಗೆಗೆ ಕಣ್ಣಿರೋ ಹುಡುಗಿ ಯಾರನ್ನಾದ್ರೂ ಇಟ್ಕೊಳ್ಳಿ, ಅದು ನ್ಯಾಯ. ಆದ್ರೆ ದೃಶ್ಯದ ನಡುವೆ ರಾಜನ ಉಡುಪು ಬದಲಾಯಿಸೋದು ಕತ್ತಲೆಯಲ್ಲಿ, ಎಪ್ಪತ್ತು ಎಣಿಸೋದ್ರೊಳಗೆ. ಅಲ್ಲಿ ಕಣ್ಣಿರೋಳೂ ಕುರುಡೀನೇ. ಅದನ್ನ ಬೆರಳಲ್ಲೇ ಮಾಡಬೇಕು, ನನ್ನ ಬೆರಳಿಗೆ ಇನ್ನೂ ಮಂಜು ಬಂದಿಲ್ಲ. ಅಲ್ಲಿಂದ ನನ್ನ ತೆಗೀಬೇಡಿ."

ನಿರ್ದೇಶಕ ಯೋಚಿಸಿದ. ಸರಿ ಎಂದ. ಹೊಲಿಗೆ ಯಂತ್ರ ಹೊಸಬಳಿಗೆ, ಕತ್ತಲೆಯ ಕೆಲಸ ಇವಳಿಗೆ ಎಂದು ತೀರ್ಮಾನವಾಯಿತು. ಅಂದರೆ ಅರ್ಧ ಹೋಯಿತು, ಅರ್ಧ ಉಳಿಯಿತು. ಹೋದ ಅರ್ಧದಲ್ಲಿ ಕಿಟಕಿಯ ಕೆಳಗಿನ ಜಾಗವೂ ಸೇರಿತ್ತು.

ಎದ್ದು ಬಾಗಿಲ ತನಕ ಹೋದವಳು ನಿಂತಳು.

"ಆ ಮುದ್ರೆಯವನಿಗೆ ಕಾರಣ ಹುಡುಕ್ತಿದ್ರಲ್ಲ ಸಾರ್. ನಾಲ್ಕೂ ಅಲ್ಲ. ಅವನನ್ನ ಅರಮನೇಲಿ ಯಾರೂ ಏನೂ ಕೇಳ್ತಿರಲಿಲ್ಲ. ಮುದ್ರೆ ಒತ್ತು ಅಂದ್ರೆ ಒತ್ತೋದು, ಅಷ್ಟೇ. ಒಂದಿನ ರಾಜ ಕೆಳಗಿಳಿದು ಬಂದು ಕೇಳ್ದ. ಆ ರುಚಿ ಬಿಡಲಿಲ್ಲ. ಮಾತು ಮುಗಿಸಿಬಿಟ್ರೆ ಮತ್ತೆ ಯಾರು ಕೇಳ್ತಾರೆ? ಅದಕ್ಕೇ ಮುಗಿಸೋದಿಲ್ಲ ಅವನು."

ನಿರ್ದೇಶಕ ಪೆನ್ಸಿಲು ಹುಡುಕತೊಡಗಿದ.

ಮರುದಿನದ ಅಭ್ಯಾಸದಲ್ಲಿ ಅವನು ಎಲ್ಲರಿಗೂ ಇದನ್ನೇ ಅರ್ಧ ಗಂಟೆ ವಿವರಿಸಿದ. ರಾತ್ರಿಯೆಲ್ಲ ಯೋಚಿಸಿ ಕಂಡುಕೊಂಡೆ ಎಂದ. ಮೇಷ್ಟ್ರಿಗೆ ಲೆಕ್ಕ ಸರಿಹೋಯಿತು. ಅಂದಿನಿಂದ ಅವರು "ಆದರೆ" ಎಂದು ನಿಲ್ಲಿಸಿದರೆ ಎದುರಿಗಿದ್ದವರಿಗೆ ಮೈ ಜುಮ್ಮೆನ್ನುತ್ತಿತ್ತು. ಮ್ಯಾನೇಜರ್ ಹೊಲಿಗೆ ಕೋಣೆಯ ತನಕ ನಡೆದು ಬಂದು ಸೂಜಿಯಕ್ಕನಿಗೆ ಸಂತೋಷ ತಿಳಿಸಿದರು. "ನಿಮ್ಮ ವಿಷಯ ಸಾರ್ ಕಿವಿಗೆ ಹಾಕಿದ್ದೇ ನಾನು, ಗೊತ್ತಾ? ಇಲ್ದಿದ್ರೆ ನಿಮಗೆ ಸಹಾಯಕ್ಕೆ ಹುಡುಗಿ ಸಿಗ್ತಿದ್ಲಾ?"

ಅದೂ ಸುಳ್ಳಲ್ಲ. "ಹೌದಪ್ಪಾ, ನೀವೇ ಹಾಕಿದ್ದು," ಎಂದಳು.

ಮೊದಲ ಪ್ರದರ್ಶನಕ್ಕೆ ಜನ ಕಿಕ್ಕಿರಿದಿದ್ದರು. ಮ್ಯಾನೇಜರ್ ರಂಗದ ಪಕ್ಕದ ಕತ್ತಲೆಯಲ್ಲಿ, ಸೂಜಿಯಕ್ಕನ ಮಗ್ಗುಲಲ್ಲೇ ನಿಂತು ನೋಡಿದರು. ಯುವರಾಜನನ್ನು ಕಟ್ಟಿ ಎಳೆದೊಯ್ಯುವಾಗ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು.

"ಥೂ, ಇಂಥೋರೂ ಇರ್ತಾರಾ ಸೂಜಿಯಕ್ಕ, ಲೋಕದಲ್ಲಿ?"

ದೀಪ ಆರಿತು. ರಾಜ ತಡವರಿಸುತ್ತ ಒಳಗೆ ಬಂದ. ಸೂಜಿಯಕ್ಕನ ಬೆರಳು ಆಗಲೇ ಅವನ ಕಿರೀಟದ ಪಟ್ಟಿಯ ಮೇಲಿತ್ತು.

"ಸ್ವಲ್ಪ ಸರೀರಿ ಮ್ಯಾನೇಜರೇ," ಎಂದಳು. "ದಾರಿಗೆ ಅಡ್ಡ ನಿಂತಿದ್ದೀರಿ."